ಕೊಡುವ ದುಡ್ಡು, ಹೂಡುವ ದುಡ್ಡು: ಕೈಗೆ 10 ಲಕ್ಷ ಬಂದಾಗ ಒಬ್ಬ ಕ್ರೈಸ್ತ ಏನು ಮಾಡಬಹುದು?

ಮುಲ್ಕಿ ಹತ್ತಿರದ ಅಜ್ಜಿಯ ಮನೆ, ಜಾಗ ಎರಡೂ ಮಾರಾಟವಾದವು. ನನ್ನ ಪಾಲಿಗೆ 10 ಲಕ್ಷ ಬಂತು. ಜೊತೆಗೆ ಒಂದು ಹಂಚು. ಮನೆ ಕೆಡಹುವ ದಿನ ಮಾಡಿನಿಂದ ಇಳಿಸಿದ್ದರಲ್ಲಿ ಒಡೆಯದ ಒಂದನ್ನು ಎತ್ತಿಟ್ಟುಕೊಂಡೆ. ಪಾಚಿ ಉಜ್ಜಿ ತೊಳೆದರೆ ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ಅಜ್ಜಿ ಬದುಕಿದ್ದಾಗ ಜಾಗದ ಮಾತು ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಮಾರಿದರೆ ದೇವರ ಪಾಲು ಮೊದಲು ತೆಗೆದಿಡಿ." ಅದು ಎಷ್ಟು, ಎಲ್ಲಿಗೆ ಹೋಗಬೇಕು ಅಂತ ಮಾತ್ರ ಹೇಳಿರಲಿಲ್ಲ.

ಭಾನುವಾರ ಆರಾಧನೆ ಮುಗಿಸಿ ಊಟಕ್ಕೆ ಕೂತಾಗ ಚರ್ಚೆ ಶುರುವಾಯಿತು. ಚಿಕ್ಕಪ್ಪ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. "ದಾನ ಕೊಟ್ಟರೆ ಒಂದೇ ಸಲಕ್ಕೆ ಮುಗೀತು. ಹೂಡಿದರೆ ಅದೇ ದುಡ್ಡು ಹತ್ತು ಸಲ ಕೆಲಸ ಮಾಡ್ತದೆ" ಎಂದರು. ಅತ್ತೆಗೆ ಸಿಟ್ಟು ಬಂತು. "ಬಡ್ಡಿ ಎಣಿಸೋದಕ್ಕೆಲ್ಲ ಸೇವೆ ಅಂತ ಹೆಸರಿಡಬೇಡಿ" ಎಂದರು. ಮೀನು ಸಾರು ತಣ್ಣಗಾಗುವವರೆಗೆ ಇದೇ ನಡೆಯಿತು.

ಆಮೇಲೆ ಎರಡು ತಿಂಗಳು ಕೂತು ಓದಿದೆ, ಕೇಳಿದೆ, ಲೆಕ್ಕ ಹಾಕಿದೆ. ಇಬ್ಬರದೂ ಅರ್ಧ ಸರಿ ಎಂದು ಈಗ ನನಗನ್ನಿಸುತ್ತದೆ. ದಾನ ದೊಡ್ಡದಾ ಹೂಡಿಕೆ ದೊಡ್ಡದಾ ಅನ್ನುವುದು ನಮ್ಮ ಕಡೆಯಿಂದ ಕೇಳುವ ಪ್ರಶ್ನೆ. ತೊಂದರೆಯ ಕಡೆಯಿಂದ ಕೇಳಿದರೆ ಬೇರೆಯೇ ಆಗುತ್ತದೆ: ಈ ತೊಂದರೆಯಲ್ಲಿರುವವರು ದುಡ್ಡು ವಾಪಸ್ ಕೊಡುವ ಸ್ಥಿತಿಯಲ್ಲಿದ್ದಾರಾ? ಇಲ್ಲ ಅಂದರೆ ಅಲ್ಲಿಗೆ ಹೋಗಬೇಕಾದ್ದು ದಾನ. ಹೌದು ಅಂದರೆ ಸಾಲವೋ ಬಂಡವಾಳವೋ ಹೋಗಬಹುದು. ಕೆಳಗಿನ ಹೋಲಿಕೆಯನ್ನೆಲ್ಲ ಈ ಒಂದು ಪ್ರಶ್ನೆ ಹಿಡಿದುಕೊಂಡು ಮಾಡಿದ್ದೇನೆ.

ಸಭೆಯ ಕಾಣಿಕೆ

ಸಭೆ ಎಂದರೆ ನಮ್ಮ ಚರ್ಚು. ಇದು ಎಲ್ಲರಿಗೂ ಗೊತ್ತಿರುವ ದಾರಿ. ದಶಮಾಂಶ ಅಂದರೆ ಆದಾಯದ ಹತ್ತನೇ ಒಂದು ಪಾಲು, ಭಾನುವಾರದ ಕಾಣಿಕೆ ಚೀಲ, ಸುಗ್ಗಿ ಹಬ್ಬದ ಏಲಂ. ನಮ್ಮ ಸಭೆಯಲ್ಲಿ ಹೋದ ವರ್ಷ ಒಂದು ಬಾಳೆಗೊನೆ 2,200 ರೂಪಾಯಿಗೆ ಹೋಯಿತು. ಕೂಗಿದವರು ಅದನ್ನು ಅಲ್ಲೇ ಬಿಟ್ಟು, "ಇನ್ನೊಮ್ಮೆ ಕೂಗಿ" ಎಂದರು. ಅದೇ ಗೊನೆ ಮತ್ತೆ 1,500ಕ್ಕೆ ಹೋಯಿತು. ಬಾಳೆಹಣ್ಣಿನ ಬೆಲೆ ಅಲ್ಲಿ ಯಾರಿಗೆ ಬೇಕು?

ಸಣ್ಣ ಕಾಣಿಕೆ ಎಷ್ಟು ದೊಡ್ಡದಾಗಬಹುದು ಅನ್ನುವುದಕ್ಕೆ ಮಿಜೋರಾಂ ನೋಡಬೇಕು. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ತೆಗೆದಿಡುತ್ತಾ ಬಂದಿದ್ದಾರೆ. ಅದಕ್ಕೆ ಬುಹ್‌ಫಾಯ್ ಥಾಮ್ ಎಂದು ಹೆಸರು. ಆ ಹಿಡಿ ಅಕ್ಕಿ ಈಗ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿಯಾಗುತ್ತದೆ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಸಾಮಾನ್ಯವಾಗಿ ಸಭೆಯ ಕಾಣಿಕೆ ಸಭಾಪಾಲಕರ ಸಂಬಳ, ಕಟ್ಟಡದ ರಿಪೇರಿ, ಕರೆಂಟ್ ಬಿಲ್ಲು, ಒಂದಿಷ್ಟು ಬಡವರ ನಿಧಿ ಇವಕ್ಕೆ ಹೋಗುತ್ತದೆ. ಅದು ತಪ್ಪಲ್ಲ. ನಾವು ಕೂರುವ ಬೆಂಚಿಗೆ ನಾವೇ ಕೊಡಬೇಕು. ಆದರೆ ಅದನ್ನು ಜಗತ್ತಿನ ಹಸಿವಿಗೆ, ರೋಗಕ್ಕೆ ಕೊಟ್ಟ ಲೆಕ್ಕದಲ್ಲಿ ಸೇರಿಸಬೇಡಿ. ಎರಡನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿದರೆ ಲೆಕ್ಕವೂ ಸರಿ, ಮನಸ್ಸಿಗೂ ಸರಿ. ಇನ್ನು ತೆರಿಗೆ. ದಾನ ಕೊಟ್ಟವರಿಗೆ ಸಿಗುವ 80ಜಿ ಎಂಬ ಆದಾಯ ತೆರಿಗೆ ವಿನಾಯಿತಿ ಸಭೆಯ ಕಾಣಿಕೆಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ವಾಪಸ್ ಬಾರದ ದುಡ್ಡು

ಈಗ ಅಸಲಿ ದಾನಕ್ಕೆ ಬರೋಣ. ನನ್ನ ಮಟ್ಟಿಗೆ ಇಲ್ಲೇ ಜಾಸ್ತಿ ಯೋಚನೆ ಬೇಕು. ಯಾಕೆಂದರೆ ದಾನದಲ್ಲಿ ತಪ್ಪಾದರೆ ನಮಗೆ ಗೊತ್ತೇ ಆಗುವುದಿಲ್ಲ. ಹೂಡಿಕೆ ಮುಳುಗಿದರೆ ಸ್ಟೇಟ್‌ಮೆಂಟ್ ಬರುತ್ತದೆ. ದಾನ ಮುಳುಗಿದರೆ ಥ್ಯಾಂಕ್ಯೂ ಕಾರ್ಡ್ ಬರುತ್ತದೆ.

ಮಲೇರಿಯಾ ತೆಗೆದುಕೊಳ್ಳಿ. 2023ರಲ್ಲಿ ಸುಮಾರು 6 ಲಕ್ಷ ಜನ ಇದರಿಂದ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೂರಕ್ಕೆ 95 ಸಾವು ಆಫ್ರಿಕಾದಲ್ಲಿ, ಸತ್ತವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಔಷಧ ಹಚ್ಚಿದ ಸೊಳ್ಳೆ ಪರದೆ ಒಂದಕ್ಕೆ, ಮನೆಗೆ ತಲುಪಿಸುವ ಖರ್ಚೂ ಸೇರಿ, ಕೆಲವೇ ಡಾಲರ್. ಇಬ್ಬರು ಅದರಡಿ ಮಲಗಬಹುದು, ಎರಡು ಮೂರು ವರ್ಷ ಬಾಳಿಕೆ ಬರುತ್ತದೆ. ಪರದೆಯಡಿ ಮಲಗುವ ಮಗು ಯಾರಿಗೂ ಡಿವಿಡೆಂಡ್ ಕೊಡುವುದಿಲ್ಲ. ಇಲ್ಲಿ ಹೂಡಿಕೆ ಎಂಬ ಮಾತೇ ಬರುವುದಿಲ್ಲ. ಕೊಡಬೇಕು, ಮರೆಯಬೇಕು.

ಬ್ರಿಟನ್ನಿನ ಅಗೇನ್ಸ್ಟ್ ಮಲೇರಿಯಾ ಫೌಂಡೇಶನ್ ಈ ಕೆಲಸ ಮಾಡುತ್ತದೆ. ಇಂಥ ಪರದೆಗಳಿಗೆ ಕೆಲವು ಸಾವಿರ ಡಾಲರ್ ಖರ್ಚಾದರೆ ಸರಾಸರಿ ಒಂದು ಜೀವ ಉಳಿಯುತ್ತದೆ ಎಂದು ದಾನದ ಸಂಸ್ಥೆಗಳನ್ನು ಅಳೆದು ನೋಡುವ ಅಮೆರಿಕದ ಗಿವ್‌ವೆಲ್ ಲೆಕ್ಕ ಹಾಕಿದೆ. ಈ ಫೌಂಡೇಶನ್ ಕ್ರೈಸ್ತ ಸಂಸ್ಥೆಯಲ್ಲ. ಅತ್ತೆ ಅದನ್ನೇ ಕೇಳಿದರು. ನಾನು ಬೈಬಲಿನ ಸಮಾರ್ಯದವನ ಕತೆ ನೆನಪಿಸಿದೆ. ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ ಹಚ್ಚಿದ್ದು ಎಲ್ಲರಿಗೂ ನೆನಪಿರುತ್ತದೆ. ಆಮೇಲೆ ಅವನು ಏನು ಮಾಡಿದ? ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಛತ್ರದವನ ಮತ ಯಾವುದು ಎಂದು ಕೇಳಲಿಲ್ಲ. ಅವನಿಗೆ ಛತ್ರ ನಡೆಸಲು ಬರುತ್ತಿತ್ತು, ಅಷ್ಟು ಸಾಕಾಯಿತು. ಹೋಗುವಾಗ "ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ" ಎಂದ. ಅಂದರೆ ಮತ್ತೆ ಬಂದು ನೋಡುತ್ತೇನೆ ಎಂದೂ ಆಯಿತಲ್ಲ. ಸಂಸ್ಥೆಗೆ ಕೆಲಸ ಬರಬೇಕು, ನಮ್ಮದು ಒಂದು ಕಣ್ಣು ಅದರ ಮೇಲಿರಬೇಕು.

ಭಾರತದಿಂದ ಹೊರದೇಶಕ್ಕೆ ದಾನ ಕಳಿಸಲು ಎಲ್‌ಆರ್‌ಎಸ್ ಎಂಬ ರಿಸರ್ವ್ ಬ್ಯಾಂಕಿನ ದಾರಿ ಇದೆ. ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ನಮ್ಮ ನಿಮ್ಮಂಥವರಿಗೆ ಆ ಮಿತಿ ಮುಟ್ಟುವ ಭಯವಿಲ್ಲ. ಬ್ಯಾಂಕಿನಲ್ಲಿ ಫಾರ್ಮ್ ತುಂಬುವ ಕಾಟ ಇದೆ, ತೆರಿಗೆ ವಿನಾಯಿತಿ ಇಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಜಗತ್ತಿನ ಹೊಸ ಕುಷ್ಠ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಮ್ಮ ದೇಶದಲ್ಲೇ ಇದ್ದಾರೆ. ಮುಗಿದುಹೋದ ಕಾಯಿಲೆ ಎಂದುಕೊಂಡಿದ್ದೆವು, ಅಲ್ವಾ? ಮಾತ್ರೆ ಪುಕ್ಕಟೆ ಸಿಗುತ್ತದೆ, ಆರು ತಿಂಗಳೋ ಒಂದು ವರ್ಷವೋ ನುಂಗಿದರೆ ರೋಗಾಣು ಸಾಯುತ್ತದೆ. ಆದರೆ ತಡವಾಗಿ ಬಂದವರಿಗೆ ಅಷ್ಟರಲ್ಲಿ ನರ ಸತ್ತಿರುತ್ತದೆ. ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ, ಹುಣ್ಣಾಗುತ್ತದೆ, ಬೆರಳು ಹೋಗುತ್ತದೆ. ಅವರಿಗೆ ಬೇಕಾದ್ದು ಎಂಸಿಆರ್ ಚಪ್ಪಲಿ. ಮೇಲ್ನೋಟಕ್ಕೆ ಮಾಮೂಲಿ ಚಪ್ಪಲಿಯೇ. ಒಳಗೆ ಮಾತ್ರ ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೇಳುವ ಮೆತ್ತನೆಯ ರಬ್ಬರು. ಹಿಂದೆ ಬಕಲ್ ಪಟ್ಟಿ ಇರುತ್ತದೆ, ಯಾಕೆಂದರೆ ಚಪ್ಪಲಿ ಕಳಚಿ ಬಿದ್ದರೂ ಆ ಕಾಲಿಗೆ ಗೊತ್ತಾಗುವುದಿಲ್ಲ. ಮಡಚಿಕೊಂಡ ಬೆರಳು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು 1940ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಯಲ್ಲಿ ಡಾ. ಪಾಲ್ ಬ್ರಾಂಡ್ ಶುರುಮಾಡಿದರು. 1874ರಲ್ಲಿ ಹುಟ್ಟಿದ ಲೆಪ್ರಸಿ ಮಿಷನ್ ಇಂದಿಗೂ ಭಾರತದಲ್ಲಿ ಆಸ್ಪತ್ರೆಗಳನ್ನು ನಡೆಸುತ್ತಿದೆ. ಇಲ್ಲಿಗೆ ಕೊಡುವ ದುಡ್ಡಿಗೂ ವಾಪಸ್ ಎಂಬುದಿಲ್ಲ.

ಮಗುವೊಂದರ ಓದಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಯೋಜನೆಗಳ ಬಗ್ಗೆ ನನಗೆ ಮೊದಲು ಅನುಮಾನವಿತ್ತು. ಫ್ರಿಜ್ಜಿನ ಮೇಲೆ ಮಗುವಿನ ಫೋಟೊ ಅಂಟಿಸಿಕೊಳ್ಳುವುದು ಕೊಡುವವರ ಖುಷಿಗೇ ಜಾಸ್ತಿ ಎಂದು. ಆದರೆ 2013ರಲ್ಲಿ ಬಂದ ಒಂದು ಅಧ್ಯಯನ ನನ್ನ ಬಾಯಿ ಮುಚ್ಚಿಸಿತು. ಕಂಪ್ಯಾಶನ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆಯ ನೆರವು ಪಡೆದು ಬೆಳೆದವರನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ಹುಡುಕಿ, ನೆರವು ಸಿಗದ ಅವರದೇ ಅಣ್ಣ ಅಕ್ಕಂದಿರ ಜೊತೆ ಹೋಲಿಸಿದರು. ನೆರವು ಪಡೆದವರು ಸರಾಸರಿ ಒಂದರಿಂದ ಒಂದೂವರೆ ವರ್ಷ ಜಾಸ್ತಿ ಓದಿದ್ದರು. ಅದೇ ಸಂಸ್ಥೆ 2017ರಲ್ಲಿ ಭಾರತದ ಕೆಲಸ ನಿಲ್ಲಿಸಬೇಕಾಯಿತು. ವಿದೇಶಿ ದೇಣಿಗೆಗೆ ಸರ್ಕಾರದ ಅನುಮತಿ ಸಿಗದ್ದು ಕಾರಣ. ಒಂದೂವರೆ ಲಕ್ಷದ ಹತ್ತಿರ ಮಕ್ಕಳ ನೆರವು ನಿಂತಿತು.

ಹೊರದೇಶದಲ್ಲಿರುವ ಕನ್ನಡಿಗರು ಇದರಿಂದ ಒಂದು ವಿಷಯ ತಿಳಿದಿರಬೇಕು. ನೀವು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಇಲ್ಲಿನ ಸಂಸ್ಥೆಗೆ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡು ಒಸಿಐ ಕಾರ್ಡ್ ಇಟ್ಟುಕೊಂಡಿದ್ದರೆ ಆಗುತ್ತದೆ. ಆಗ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರಬೇಕು, ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಿಮ್ಮೂರಿನ ಹಾಸ್ಟೆಲ್ಲಿಗೆ ಸುಮ್ನೆ ದುಡ್ಡು ಹಾಕಿಬಿಟ್ಟರೆ ತೊಂದರೆ ಅನುಭವಿಸುವುದು ಹಾಸ್ಟೆಲ್ಲಿನವರು.

ಇಲ್ಲಿರುವವರಿಗೆ 80ಜಿ: ಬಹುತೇಕ ಸಂಸ್ಥೆಗಳಿಗೆ ಕೊಟ್ಟ ಮೊತ್ತದ ಅರ್ಧಕ್ಕೆ ವಿನಾಯಿತಿ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಅದೂ ಇಲ್ಲ.

ಸಾಲವಾಗಿ ಹೋಗಿ ವಾಪಸ್ ಬರುವ ದುಡ್ಡು

ಚಿಕ್ಕಪ್ಪನ ಇಷ್ಟದ ದಾರಿ ಇದು. ಅವರ ಬಳಿ ಯೇಸು ಹೇಳಿದ ತಲಾಂತುಗಳ (ಆ ಕಾಲದ ದೊಡ್ಡ ಮೊತ್ತದ ಹಣ) ಸಾಮ್ಯವೂ ರೆಡಿ ಇತ್ತು: ನೆಲದಲ್ಲಿ ಹೂತಿಟ್ಟವನಿಗೆ ಬೈಗುಳ, ವ್ಯಾಪಾರ ಮಾಡಿದವನಿಗೆ ಶಹಬ್ಬಾಸ್.

ಕ್ರೈಸ್ತರ ಈ ದಾರಿಯಲ್ಲಿ ದೊಡ್ಡ ಹೆಸರು ಓಯ್ಕೊಕ್ರೆಡಿಟ್. 1968ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಸಭೆಗಳ ಜಾಗತಿಕ ಮಂಡಳಿ ಕೂಡಿದಾಗ ಯುವಕರು ಒಂದು ಪ್ರಶ್ನೆ ಎತ್ತಿದರು. ವರ್ಣಭೇದದ ದಕ್ಷಿಣ ಆಫ್ರಿಕಕ್ಕೂ ವಿಯೆಟ್ನಾಂ ಯುದ್ಧಕ್ಕೂ ನೆರವಾಗುವ ಬ್ಯಾಂಕುಗಳಲ್ಲಿ ಸಭೆಯ ಉಳಿತಾಯ ಯಾಕಿರಬೇಕು ಎಂದು. ಅದರಿಂದ 1975ರಲ್ಲಿ ಈ ಸಹಕಾರಿ ಸಂಘ ಹುಟ್ಟಿತು. ಕಚೇರಿ ನೆದರ್‌ಲ್ಯಾಂಡ್ಸ್‌ನ ಆಮರ್ಸ್‌ಫೋರ್ಟ್‌ನಲ್ಲಿದೆ. ಸದಸ್ಯರು ಹಾಕಿದ ದುಡ್ಡು ಬಡ ದೇಶಗಳ ಸಹಕಾರಿ ಸಂಘ, ಕಿರುಸಾಲ ಸಂಸ್ಥೆಗಳಿಗೆ ಸಾಲವಾಗಿ ಹೋಗುತ್ತದೆ. ಭಾರತದಲ್ಲಿ ಹೈದರಾಬಾದಿನ ಮಾನವೀಯ ಎಂಬ ಅದರದೇ ಸಂಸ್ಥೆ ಇದನ್ನು ನಡೆಸುತ್ತದೆ. ಬಹಳ ವರ್ಷ ಕೊಟ್ಟ ಡಿವಿಡೆಂಡ್ ಶೇ. 2 ಅಷ್ಟೇ. ಚಿಕ್ಕಪ್ಪ "ಎಫ್‌ಡಿಗಿಂತ ಕಡಿಮೆ!" ಎಂದರು. ಹೌದು, ಬೆಲೆಯೇರಿಕೆ ಕಳೆದರೆ ನಷ್ಟವೇ. ಆ ನಷ್ಟವೇ ಇಲ್ಲಿ ನೀವು ಕೊಡುವ ಕಾಣಿಕೆ. ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆ ಇರುವ ನಮ್ಮವರಿಗೆ ಇದು ಸುಲಭದ ದಾರಿ.

ಇಲ್ಲಿರುವವರಿಗೆ ಹತ್ತಿರದ್ದು ಬೆಂಗಳೂರಿನ ರಂಗ್ ದೇ. 2008ರಲ್ಲಿ ಶುರುವಾದದ್ದು, ಈಗ ರಿಸರ್ವ್ ಬ್ಯಾಂಕಿನ ಪಿ2ಪಿ, ಅಂದರೆ ಆನ್‌ಲೈನಿನಲ್ಲಿ ಒಬ್ಬರು ಇನ್ನೊಬ್ಬರಿಗೆ ನೇರ ಸಾಲ ಕೊಡುವ, ನಿಯಮದಡಿ ನಡೆಯುತ್ತದೆ. ಇದೂ ಕ್ರೈಸ್ತ ಸಂಸ್ಥೆಯಲ್ಲ. ನೇಕಾರರು, ರೈತರು, ಸಣ್ಣ ವ್ಯಾಪಾರಿಗಳು ಇವರಿಗೆ ನಾವು ಸಣ್ಣ ಸಣ್ಣ ಮೊತ್ತ ಸಾಲ ಕೊಡಬಹುದು. ಪಿ2ಪಿಯಲ್ಲಿ ಒಬ್ಬರು ಒಬ್ಬರಿಗೆ 50,000ಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಸಾಲ ಮುಳುಗಿದರೆ ನಷ್ಟ ಪೂರ್ತಿ ನಮ್ಮದು, ಯಾರ ಗ್ಯಾರಂಟಿಯೂ ಇಲ್ಲ.

ಈಗ ಕಹಿ ವಿಷಯ. 2025ರ ಶುರುವಿನಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ಎಂದು ಎಲ್ಲರೂ ನೋಡಿದ್ದೇವೆ. ಮೈಕ್ರೊಫೈನಾನ್ಸ್ ವಸೂಲಿಗಾರರ ಕಾಟಕ್ಕೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಕಿರುಕುಳಕ್ಕೆ 10 ವರ್ಷದವರೆಗೆ ಜೈಲು ಎಂದಿತು. 2010ರಲ್ಲಿ ಆಂಧ್ರದಲ್ಲೂ ಇದೇ ಆಗಿತ್ತು. ಕಿರುಸಾಲ ಸಿಕ್ಕಿದರೆ ಬಡತನ ಹೋಗುತ್ತದೆ ಎಂದು ಜಗತ್ತೆಲ್ಲ ನಂಬಿದ್ದ ಕಾಲವೊಂದಿತ್ತು. ಹೈದರಾಬಾದೂ ಸೇರಿ ಆರು ದೇಶಗಳಲ್ಲಿ ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಒಟ್ಟಿಗೆ ಪ್ರಕಟಿಸಿದರು. ಮೊದಲೇ ಅಂಗಡಿ ಇದ್ದವರಿಗೆ ಸ್ವಲ್ಪ ಉಪಯೋಗ, ಉಳಿದವರ ಬದುಕು ಹೆಚ್ಚುಕಡಿಮೆ ಹಾಗೇ.

ಹಾಗಾದರೆ ನನ್ನ ಪ್ರಶ್ನೆಗೆ ಮತ್ತೆ ಬರಬೇಕು: ವಾಪಸ್ ಕೊಡುವ ಸ್ಥಿತಿಯಲ್ಲಿದ್ದಾರಾ? ಮಗಳ ಮದುವೆಗೋ ಗಂಡನ ಆಪರೇಷನ್ನಿಗೋ ತೆಗೆದ ಸಾಲ ಯಾವ ಲಾಭದಿಂದ ತೀರಬೇಕು? ಅಂಥಲ್ಲಿಗೆ ಸಾಲ ಕಳಿಸಿ ಅದನ್ನು ಸೇವೆ ಅನ್ನುವುದು ಅತ್ತೆ ಬೈದ ಕೆಲಸವೇ.

ತೀರಿಸಲಾಗದ ಸಾಲಕ್ಕೆ ನಮ್ಮ ಗ್ರಂಥದಲ್ಲೇ ಒಂದು ಏರ್ಪಾಡಿದೆ. ಯಾಜಕಕಾಂಡದ ಜ್ಯೂಬಿಲಿ. ಐವತ್ತನೇ ವರ್ಷ ಬಂದಾಗ ಮಾರಿದ ಭೂಮಿ ಮೂಲದವರಿಗೆ ವಾಪಸ್, ಸಾಲಕ್ಕೆ ಆಳಾದವರಿಗೆ ಬಿಡುಗಡೆ. ಇದೇ ಹೆಸರಿನಲ್ಲಿ ಜ್ಯೂಬಿಲಿ 2000 ಚಳವಳಿ ನಡೆಯಿತು. 1998ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ದೊಡ್ಡ ದೇಶಗಳ ನಾಯಕರು ಸೇರಿದ್ದಾಗ ಸುಮಾರು 70,000 ಜನ ಕೈ ಕೈ ಹಿಡಿದು ನಿಂತರು. ಆಮೇಲಿನ ವರ್ಷಗಳಲ್ಲಿ ಬಡ ದೇಶಗಳ ಮೇಲಿದ್ದ ಸಾಲದಲ್ಲಿ ದೊಡ್ಡ ಪಾಲು ಮನ್ನಾ ಆಯಿತು. ಅಲ್ಲಿ ನಿಂತವರು ಚೆಕ್ ಬರೆದಿರಲಿಲ್ಲ. ಒಂದು ಶನಿವಾರ ಕೊಟ್ಟಿದ್ದರು.

ಸಾಲಕ್ಕಿಂತ ಉಳಿತಾಯ ಕಲಿಸುವ ಕೆಲಸ ನನಗೆ ಹೆಚ್ಚು ಹಿಡಿಸಿತು. ಇಪ್ಪತ್ತು ಹೆಂಗಸರು ವಾರಕ್ಕೆ ಒಂದಿಷ್ಟು ಪೆಟ್ಟಿಗೆಗೆ ಹಾಕಿ ತಮ್ಮತಮ್ಮಲ್ಲೇ ಸಾಲ ತಗೊಳ್ಳುವುದು. ಬಡ್ಡಿಯೂ ಅವರ ಪೆಟ್ಟಿಗೆಗೇ. ಆಂಗ್ಲಿಕನ್ ಸಭೆಯವರು 1998ರಲ್ಲಿ ಕಟ್ಟಿದ ಫೈವ್ ಟ್ಯಾಲೆಂಟ್ಸ್ ಆಫ್ರಿಕಾದಲ್ಲಿ ಇದನ್ನೇ ಮಾಡುತ್ತದೆ. ನಮಗೆ ಇದು ಹೊಸತೇನಲ್ಲ. ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಕಟ್ಟಿದ ಸಂಘಗಳೇ ಮುಂದೆ ದೇಶದ ಸ್ವಸಹಾಯ ಸಂಘಗಳಿಗೆ ದಾರಿಯಾದವು. ಗಮನಿಸಿ, ಇಲ್ಲಿ ಹೊರಗಿನ ಬಂಡವಾಳ ಬೇಕಿಲ್ಲ. ಸಂಘ ಕಟ್ಟಿ ಲೆಕ್ಕ ಬರೆಯಲು ಕಲಿಸುವವರ ಸಂಬಳ, ಬಸ್ ಚಾರ್ಜು ಬೇಕು. ಅದು ದಾನದಿಂದಲೇ ಬರಬೇಕು. ಅತ್ತೆ, ಚಿಕ್ಕಪ್ಪ ಇಬ್ಬರೂ ಒಪ್ಪಿದ ಒಂದೇ ಜಾಗ ಇದು.

ಹಂಚಿನ ಕಾರ್ಖಾನೆಯ ದಾರಿ

ನನ್ನ ಮೇಜಿನ ಮೇಲಿರುವ ಹಂಚಿಗೆ ಬರುತ್ತೇನೆ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಜಾತಿಯ ಕಸುಬು, ಗದ್ದೆಯ ಗೇಣಿ ಎರಡೂ ಕೈತಪ್ಪುತ್ತಿದ್ದವು. ಗಂಜಿ ಹಂಚುತ್ತಾ ಎಷ್ಟು ದಿನ ಇರಲಾದೀತು? ಮೊದಲು ನೇಯ್ಗೆ ಶುರುವಾಯಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ಶುರುಮಾಡಿದರು. ಜೇಡಿಮಣ್ಣು ಹೊಳೆದಂಡೆಯದು, ಮಾದರಿ ಯುರೋಪಿನದು. ವ್ಯಾಪಾರಕ್ಕೆಂದು 1859ರಲ್ಲೇ ಬಾಸೆಲ್‌ನಲ್ಲಿ ಬೇರೆ ಕಂಪನಿ ಮಾಡಿದ್ದರು. ಶೇರು ಕೊಂಡವರು ಅಲ್ಲಿನ ಭಕ್ತರು. ದಾನ ಕೊಡುವ ಜನವೇ ಬಂಡವಾಳವನ್ನೂ ಹಾಕಿದರು ಎನ್ನಿ. ಮಂಗಳೂರು ಹಂಚು ಆಮೇಲೆ ಎಲ್ಲೆಲ್ಲಿಗೆ ಹೋಯಿತು ಎಂದು ಬರೆಯಹೊರಟರೆ ಅದೇ ಇನ್ನೊಂದು ಲೇಖನವಾಗುತ್ತದೆ.

ನೂರು ಜನಕ್ಕೆ ನೂರು ದಿನ ಊಟ ಹಾಕುವುದಕ್ಕಿಂತ ಕೆಲಸ ಕೊಡುವುದು ಮೇಲು. ಇದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸ ಕೊಡುವವರೂ ಅವರೇ, ಮನೆ ಕೊಡುವವರೂ ಅವರೇ, ಭಾನುವಾರ ಪ್ರಸಂಗ ಮಾಡುವವರೂ ಅವರೇ ಆದಾಗ ಸಂಬಳ ಜಾಸ್ತಿ ಕೇಳುವುದು ಯಾರ ಹತ್ತಿರ? ಮುತ್ತಜ್ಜ ಆ ಕಾರ್ಖಾನೆಯಲ್ಲಿದ್ದವರು. ಅವರ ಬಗ್ಗೆ ಮನೆಯಲ್ಲಿ ಉಳಿದ ಮಾತು ಒಂದೇ: "ದೊರೆಗಳೆದುರು ಸ್ವರ ಎತ್ತಿದವರಲ್ಲ." ಹೊಗಳಿಕೆಯೋ ದೂರೋ ನನಗೆ ಇವತ್ತಿಗೂ ತಿಳಿದಿಲ್ಲ. ಮೊದಲ ಮಹಾಯುದ್ಧ ಬಂದಾಗ, ಮಿಷನ್ನಿನಲ್ಲಿ ಜರ್ಮನರಿದ್ದ ಕಾರಣ, ಬ್ರಿಟಿಷರು ಇದನ್ನು ಶತ್ರುಗಳ ಆಸ್ತಿ ಎಂದು ವಶಪಡಿಸಿಕೊಂಡರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು.

ಈ ದಾರಿಗೆ ಇಂದಿನ ರೂಪ ಎಂದರೆ ಪರಿಚಯದ ಯಾರೋ ಊರಲ್ಲಿ ಹತ್ತು ಜನಕ್ಕೆ ಕೆಲಸ ಕೊಡುವ ಉದ್ಯಮ ಮಾಡುವಾಗ ಬಂಡವಾಳ ಹಾಕುವುದು. ಗೆದ್ದರೆ ಇದರಷ್ಟು ಒಳ್ಳೆಯದು ಬೇರೆಯಿಲ್ಲ. ಸೋಲುವುದೇ ಜಾಸ್ತಿ. ಹೋದರೆ ಹೋಗಲಿ ಎನ್ನುವಷ್ಟು ಮಾತ್ರ ಹಾಕಿ, ಕಾಗದ ಪತ್ರ ಮಾಡಿಸಿಯೇ ಹಾಕಿ, ಅವರು ಸ್ವಂತ ತಮ್ಮನೇ ಆಗಿರಲಿ.

ಶೇರು: ಕೈ ತೊಳೆಯುವುದಾ, ಕೂತು ಕೇಳುವುದಾ?

ಸಾರಾಯಿ, ಸಿಗರೇಟು, ಜೂಜಿನ ಕಂಪನಿಗಳ ಶೇರು ಬೇಡ ಎನ್ನುವುದು ಕ್ರೈಸ್ತ ಹೂಡಿಕೆಯ ಹಳೆಯ ನಿಯಮ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ ಇಬ್ಬರು ಮೆಥೊಡಿಸ್ಟರು 1971ರಲ್ಲಿ ಅಮೆರಿಕದಲ್ಲಿ ಪ್ಯಾಕ್ಸ್ ವರ್ಲ್ಡ್ ಫಂಡ್ ಶುರುಮಾಡಿದ್ದು ಆಯುಧದ ಕಂಪನಿಗಳನ್ನು ದೂರವಿಡಲು. ನಮ್ಮಲ್ಲಿ? ಶೇರುಪೇಟೆಯ 50 ದೊಡ್ಡ ಕಂಪನಿಗಳಲ್ಲಿ ದುಡ್ಡು ಹಾಕುವ ನಿಫ್ಟಿ 50 ಇಂಡೆಕ್ಸ್ ಫಂಡ್ ಕೊಂಡರೆ ಅದರಲ್ಲಿ ಸಿಗರೇಟು ಮಾಡುವ ಐಟಿಸಿ ಇದೆ. ಎಲ್‌ಐಸಿಗೂ ಐಟಿಸಿಯಲ್ಲಿ ದೊಡ್ಡ ಪಾಲಿದೆ. ಅಂದರೆ ಧೂಮಪಾನದ ವಿರುದ್ಧ ಪ್ರಸಂಗ ಮಾಡುವ ಸಭಾಪಾಲಕರ ಪಾಲಿಸಿ ದುಡ್ಡೂ ಎಲ್ಲೋ ಒಂದು ತುದಿಯಲ್ಲಿ ಅಲ್ಲಿಗೆ ತಾಗುತ್ತದೆ. ಸಾರಾಯಿ, ತಂಬಾಕು ಎರಡೂ ಇಲ್ಲದ್ದು ಬೇಕಾದರೆ ಟಾಟಾ ಎಥಿಕಲ್ ಫಂಡ್ ಇದೆ. ಅದು ನಡೆಯುವುದು ಇಸ್ಲಾಮಿನ ಶರಿಯತ್ ನಿಯಮದಂತೆ, ಹಾಗಾಗಿ ಬಡ್ಡಿಯ ಬ್ಯಾಂಕುಗಳೂ ಅದರಲ್ಲಿಲ್ಲ. ಚಿಕ್ಕಪ್ಪ ನಕ್ಕರು. ಸಭೆಯೂ ಶತಮಾನಗಳ ಕಾಲ ಬಡ್ಡಿಯನ್ನು ಪಾಪ ಎನ್ನುತ್ತಿತ್ತು ಎಂದಾಗ ನಗು ನಿಂತಿತು.

ಆದರೆ ಒಂದು ಭ್ರಮೆ ಬೇಡ. ನೀವು ಮಾರಿದ ಶೇರನ್ನು ಇನ್ನೊಬ್ಬರು ಕೊಳ್ಳುತ್ತಾರೆ, ಕಂಪನಿಗೆ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ. ಮನಸ್ಸಾಕ್ಷಿಗಾಗಿ ಮಾಡಿ, ಜಗತ್ತು ಬದಲಾಯಿಸಿದೆ ಎಂದು ಲೆಕ್ಕ ಬರೆಯಬೇಡಿ.

ಶೇರು ಇಟ್ಟುಕೊಂಡು ಪ್ರಶ್ನೆ ಕೇಳಿದವರ ಕತೆ ಬೇರೆ. 1971ರಲ್ಲಿ ಜನರಲ್ ಮೋಟರ್ಸ್‌ನ ವಾರ್ಷಿಕ ಸಭೆಯಲ್ಲಿ ಅಮೆರಿಕದ ಎಪಿಸ್ಕೋಪಲ್ ಸಭೆ ಒಂದು ನಿರ್ಣಯ ಇಟ್ಟಿತು: ದಕ್ಷಿಣ ಆಫ್ರಿಕ ಬಿಟ್ಟು ಬನ್ನಿ. ನೂರಕ್ಕೆ ಎರಡು ವೋಟೂ ಬೀಳಲಿಲ್ಲ. ಆದರೆ ಅದೇ ವರ್ಷ ಕಂಪನಿಯ ಮಂಡಳಿಗೆ ಸೇರಿದ್ದ ಮೊದಲ ಕಪ್ಪು ಸದಸ್ಯ, ಫಿಲಡೆಲ್ಫಿಯಾದ ಬ್ಯಾಪ್ಟಿಸ್ಟ್ ಪಾದ್ರಿ ಲಿಯೋನ್ ಸಲಿವನ್ ಎದ್ದು ನಿಂತು ತನ್ನದೇ ಮಂಡಳಿಯ ವಿರುದ್ಧ ಮಾತಾಡಿದರು. ಜನರಲ್ ಮೋಟರ್ಸ್ ಅಲ್ಲಿಂದ ಹೊರಬರಲು 1986ರವರೆಗೆ ಕಾಯಬೇಕಾಯಿತು. 15 ವರ್ಷ.

ಇನ್ನೊಂದು ಹತ್ತಿರದ್ದು. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಗಣಿಯ ಕೆಸರು ತಡೆದಿದ್ದ ಒಡ್ಡು ಒಡೆಯಿತು, 270 ಜನ ಸತ್ತರು. ಚರ್ಚ್ ಆಫ್ ಇಂಗ್ಲೆಂಡ್‌ನ ಪಾದ್ರಿಗಳ ಪಿಂಚಣಿ ನಿಧಿ ಸ್ವೀಡನ್ನಿನ ಪಿಂಚಣಿ ನಿಧಿಗಳ ಜೊತೆ ಸೇರಿ 700ಕ್ಕೂ ಹೆಚ್ಚು ಗಣಿ, ತೈಲ ಕಂಪನಿಗಳಿಗೆ ಪತ್ರ ಬರೆಯಿತು: ನಿಮ್ಮ ಒಡ್ಡುಗಳು ಎಲ್ಲೆಲ್ಲಿವೆ, ಎಷ್ಟು ಎತ್ತರ, ಯಾವಾಗ ಪರೀಕ್ಷಿಸಿದ್ದೀರಿ, ಎಲ್ಲ ಬಹಿರಂಗಪಡಿಸಿ. ಮುಂದಿನ ವರ್ಷ ಆಗಸ್ಟ್‌ನಲ್ಲಿ ಇಡೀ ಜಗತ್ತಿಗೆ ಒಂದು ಸುರಕ್ಷತಾ ಮಾನದಂಡ ಬಂತು. ಕುದುರೆಮುಖದ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರುವ ಗಣಿಯ ಹೂಳನ್ನು ನೋಡಿದವರಿಗೆ ಈ ಪತ್ರದ ಬೆಲೆ ಬೇರೆ ಹೇಳಬೇಕಾಗಿಲ್ಲ. ಇದೇ ಚರ್ಚ್ ತೈಲ ಕಂಪನಿಗಳ ಜೊತೆಗೂ ವರ್ಷಗಟ್ಟಲೆ ಮಾತಾಡಿ, ಕೇಳದಿದ್ದಾಗ 2023ರಲ್ಲಿ ದೊಡ್ಡ ಕಂಪನಿಗಳ ಶೇರು ಬಿಟ್ಟು ಹೊರಬಂತು.

ಇದು ದೊಡ್ಡ ನಿಧಿಗಳ ಆಟ. ನಮ್ಮಲ್ಲಿ ಧರ್ಮಾರ್ಥ ಟ್ರಸ್ಟ್‌ಗಳು ಖಾಸಗಿ ಕಂಪನಿಗಳ ಶೇರನ್ನು ಸಾಮಾನ್ಯವಾಗಿ ನೇರ ಕೊಳ್ಳುವಂತಿಲ್ಲ. ನಮ್ಮಂಥವರು ಮಾಡಬಹುದಾದ್ದು ಒಂದಿದೆ. 2022ರ ಏಪ್ರಿಲ್‌ನಿಂದ ಮ್ಯೂಚುವಲ್ ಫಂಡ್‌ಗಳು ಕಂಪನಿಗಳ ಎಲ್ಲ ನಿರ್ಣಯಗಳಿಗೂ ವೋಟು ಹಾಕಲೇಬೇಕು, ಹೇಗೆ ಹಾಕಿದೆವು ಎಂದು ವೆಬ್‌ಸೈಟಿನಲ್ಲಿ ಹೇಳಲೇಬೇಕು. ನಿಮ್ಮ ಫಂಡಿನದು ತೆಗೆದು ನೋಡಿ, ಒಪ್ಪದಿದ್ದರೆ ಒಂದು ಇಮೇಲ್ ಬರೆಯಿರಿ.

"ನಮ್ಮವರೇ" ಎಂಬ ಮಾತು

ನಮ್ಮವರು ಕಟ್ಟಿದ ಒಳ್ಳೆಯ ಬ್ಯಾಂಕುಗಳಿವೆ. ಮಂಗಳೂರಿನ ಕ್ಯಾಥೊಲಿಕ್ ಸಹಕಾರಿ ಬ್ಯಾಂಕ್ 1912ರಿಂದ ಇದೆ. ಹಾಗೆಂದು ಶಿಲುಬೆಯ ಚಿತ್ರ ಹಾಕಿದ ಕ್ಯಾಲೆಂಡರ್ ಕೊಟ್ಟವರೆಲ್ಲ ಬ್ಯಾಂಕಲ್ಲ. ಚಿಕ್ಕಪ್ಪ, ಬ್ಯಾಂಕಿನಲ್ಲಿ 35 ವರ್ಷ ಕೂತವರು, ನಿವೃತ್ತಿಯ ಮೂರು ಲಕ್ಷವನ್ನು ಪರಿಚಯದವರು ನಡೆಸುತ್ತಿದ್ದ ಒಂದು ಪತ್ತಿನ ಸಂಘದಲ್ಲಿಟ್ಟರು. ಶೇ. 13 ಬಡ್ಡಿ. ಪ್ರತಿ ಸಭೆಯೂ ಪ್ರಾರ್ಥನೆಯಿಂದಲೇ ಶುರುವಾಗುತ್ತಿತ್ತಂತೆ. ಒಂದು ದಿನ ಷಟರ್ ಇಳಿಯಿತು. ಸಹಕಾರಿ ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಂಘದ ಠೇವಣಿಗೆ ಇಲ್ಲ. ಇದು ಗೊತ್ತಿದ್ದೂ ಇಟ್ಟರಾ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಬಂದಿಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಎಂಬ ಪದ ಇದೆಯಾ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆಯಾ, ಎರಡೂ ನೋಡಿ.

ನಾವು ಮಾಡಿದ್ದು

ನಿಮ್ಮ ಸಾಲ ತೀರದಿದ್ದರೆ, ಆರು ತಿಂಗಳ ಖರ್ಚು ಕೈಯಲ್ಲಿಲ್ಲದಿದ್ದರೆ, ದಶಮಾಂಶದಾಚೆ ಏನನ್ನೂ ಈಗಲೇ ಮಾಡಬೇಡಿ. ದುಡ್ಡಿನ ಲೆಕ್ಕ ನೋಡಲು ಪುರುಸೊತ್ತು, ಮನಸ್ಸು ಎರಡೂ ಇಲ್ಲದವರು ಸಾಲದ ದಾರಿಗೂ ಹೋಗಬೇಡಿ, ಒಂದು ಒಳ್ಳೆಯ ಸಂಸ್ಥೆ ಆರಿಸಿ ತಿಂಗಳು ತಿಂಗಳು ಕೊಡಿ. ಸಂಸ್ಥೆಗೆ ತಿಂಗಳ ಸಣ್ಣ ಮೊತ್ತ ವರ್ಷದ ದೊಡ್ಡ ಮೊತ್ತಕ್ಕಿಂತ ಉಪಯೋಗ, ನರ್ಸಿನ ಸಂಬಳ ತಿಂಗಳಿಗೊಮ್ಮೆ ತಾನೇ ಬರುವುದು.

ನಾವು 1 ಲಕ್ಷ ಸಭೆಗೆ ಕೊಟ್ಟೆವು. 3 ಲಕ್ಷ ದಾನ: ಒಂದೂವರೆ ಕುಷ್ಠ ರೋಗದ ಆಸ್ಪತ್ರೆಗೆ, ಒಂದು ಸೊಳ್ಳೆ ಪರದೆಗೆ, ಉಳಿದ 50,000 ಸಂಘ ಕಟ್ಟಲು ಕಲಿಸುವವರಿಗೆ. 1 ಲಕ್ಷವನ್ನು ಹತ್ತು ಹನ್ನೆರಡು ನೇಕಾರರಿಗೂ ರೈತರಿಗೂ ಸಾಲವಾಗಿ ಹಂಚಿದ್ದೇವೆ. ಉಳಿದ 5 ಲಕ್ಷ ನಮ್ಮ ಮುಪ್ಪಿಗೆ, ಸಿಗರೇಟಿಲ್ಲದ ಫಂಡಿನಲ್ಲಿ. ಅದನ್ನು ಸೇವೆ ಎಂದು ಕರೆದಿಲ್ಲ.

ಸಾಲದ ಲೆಕ್ಕ ನೋಡುವ ಕೆಲಸ ಚಿಕ್ಕಪ್ಪನದು. ಹೋದ ಭಾನುವಾರ ಊಟದ ಮೇಜಿನಲ್ಲಿ ಫೋನು ತೆರೆದು ತೋರಿಸಿದರು. ಒಬ್ಬ ನೇಕಾರರ ಕಂತು ಎರಡು ತಿಂಗಳಿಂದ ಬಂದಿಲ್ಲ. "ಫೋನ್ ಮಾಡಿ ವಿಚಾರಿಸಿ ಅಂತ ಕಂಪನಿಗೆ ಬರೀಲಾ?" ಎಂದು ಕೇಳಿದರು.

ಅತ್ತೆ ಕನ್ನಡಕ ಏರಿಸಿ ಸ್ಕ್ರೀನ್ ನೋಡಿದರು. ಅನ್ನದ ಪಾತ್ರೆ ನನ್ನ ಕಡೆ ಸರಿಸಿ, "ಐವತ್ತನೇ ವರ್ಷ ಬರಲಿಕ್ಕೆ ಇನ್ನೆಷ್ಟು ಉಂಟು?" ಎಂದರು.